ರಂಧ್ರಗಳಲ್ಲಿ ಉಳಿದ ಬೆರಳುಗಳು: ಜಾರ್ಜ್ ಗರ್ಶ್ವಿನ್ ಮತ್ತು ತಾನಾಗಿ ನುಡಿಯುವ ಪಿಯಾನೊ

ಅದು 1910ನೆಯ ಇಸವಿ. ನ್ಯೂಯಾರ್ಕ್ ನಗರದ ಸೆಕೆಂಡ್ ಅವೆನ್ಯೂ ಬೀದಿಯ ಮಹಡಿಮನೆಯೊಂದಕ್ಕೆ ಪಿಯಾನೊ ಬಂದಿತ್ತು. ಅದನ್ನು ಕಿಟಕಿಯ ಮೂಲಕ ಮೇಲೆತ್ತಿ ಮುಂಗೋಣೆಗೆ ಇಳಿಸಲಾಯಿತು. ಮನೆಯೊಡತಿ ರೋಸ್ ಅದನ್ನು ತರಿಸಿದ್ದು ಹಿರಿಯ ಮಗ ಐರಾನಿಗಾಗಿ. ಐರಾ ಪುಸ್ತಕದ ಹುಳು, ಮೆದುಮಾತಿನವನು. ಸಂಗೀತ ಕಲಿಯಲು ಅವನೇ ತಕ್ಕವನೆಂದು ಮನೆಯವರೆಲ್ಲ ಭಾವಿಸಿದ್ದರು. ಎರಡನೆಯವನಾದ ಜಾರ್ಜ್ ಹಾಗಲ್ಲ. ಅವನು ಬೀದಿಯ ಹುಡುಗ. ಚಕ್ರದ ಬೂಟು ಕಟ್ಟಿಕೊಂಡು ಓಡುವುದು, ಹೊಡೆದಾಡುವುದು, ಶಾಲೆಯಿಂದ ದೂರು ತರುವುದು ಅವನ ದಿನಚರಿ. ಆದರೆ ಪಿಯಾನೊ ನೆಲ ಮುಟ್ಟಿದ್ದೇ ತಡ, ಈ ಜಾರ್ಜ್ ಪೀಠವನ್ನು ತನ್ನ ಎತ್ತರಕ್ಕೆ ತಿರುಗಿಸಿಕೊಂಡು ಕುಳಿತ. ಆ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಹಾಡೊಂದನ್ನು ನುಡಿಸಿಯೇಬಿಟ್ಟ. ಅವನ ಎಡಗೈಯ ಓಟವನ್ನು ಕಂಡು ಅಣ್ಣ ಐರಾ ಬೆರಗಾದ. ಆ ಕ್ಷಣದ ನೆನಪು ಐರಾನ ಮನಸ್ಸಿನಿಂದ ಕೊನೆಯವರೆಗೂ ಅಳಿಯಲಿಲ್ಲ.

ಮನೆಯಲ್ಲಿ ವಾದ್ಯವೇ ಇಲ್ಲದ ಹುಡುಗ ಕಲಿತದ್ದೆಲ್ಲಿ? ಗೆಳೆಯನೊಬ್ಬನ ಮನೆಯಲ್ಲಿ. ಅಲ್ಲಿದ್ದದ್ದು ತಾನಾಗಿ ನುಡಿಯುವ ಪಿಯಾನೊ. ಕಾಗದದ ಸುರುಳಿ ಹಾಕಿ ಕಾಲಿನಿಂದ ತುಳಿದರೆ ಸಾಕು, ಕಾಣದ ಕೈಯೊಂದು ಒತ್ತಿದಂತೆ ಕೀಲಿಗಳು ತಾವೇ ಕೆಳಗಿಳಿದು ಏಳುತ್ತಿದ್ದವು. ಜಾರ್ಜ್ ಆ ಕುಣಿಯುವ ಕೀಲಿಗಳ ಬೆನ್ನು ಹತ್ತಿ ತನ್ನ ಬೆರಳುಗಳನ್ನು ಇಟ್ಟುಕೊಳ್ಳುತ್ತಿದ್ದ. ಇಪ್ಪತ್ತನೆಯ ಶತಮಾನದ ಅಮೆರಿಕದ ಸಂಗೀತಕ್ಕೆ ಹೊಸ ದನಿ ತಂದ ಜಾರ್ಜ್ ಗರ್ಶ್ವಿನ್ ಅವರ ಮೊದಲ ಗುರು ಒಂದು ಯಂತ್ರ ಎಂದರೆ ಅತಿಶಯೋಕ್ತಿಯೇನೂ ಅಲ್ಲ.

ಆ ಯಂತ್ರದ ಒಳಗುಟ್ಟನ್ನು ಇಲ್ಲಿ ಸ್ವಲ್ಪ ನೋಡಬೇಕು. ಡೆಟ್ರಾಯಿಟ್ ನಗರದ ಎಡ್ವಿನ್ ವೋಟೆ ಎಂಬುವರು 1895ರ ಸುಮಾರಿಗೆ ಪಿಯಾನೊಲಾ ಎಂಬ ಸಾಧನವನ್ನು ರೂಪಿಸಿದರು. ಮೊದಮೊದಲು ಅದು ಪಿಯಾನೊದ ಒಳಗಿರಲಿಲ್ಲ. ಕಪಾಟಿನಂತಹ ಪೆಟ್ಟಿಗೆಯನ್ನು ಸಾಧಾರಣ ಪಿಯಾನೊದ ಮುಂದೆ ತಳ್ಳಿ ನಿಲ್ಲಿಸಿದರೆ, ಅದರ ಮರದ ಬೆರಳುಗಳು ಕೀಲಿಗಳನ್ನು ಒತ್ತುತ್ತಿದ್ದವು. ಹಾರ್ಮೋನಿಯಂ ನೋಡಿದವರಿಗೆ ತಿದಿಯ ಪರಿಚಯವಿದೆ. ಹಾರ್ಮೋನಿಯಂನಲ್ಲಿ ತಿದಿ ಗಾಳಿಯನ್ನು ಹೊರಗೆ ನೂಕುತ್ತದೆ. ಇಲ್ಲಿ ಕಾಲಿನ ತುಳಿತಕ್ಕೆ ತಿದಿಗಳು ಗಾಳಿಯನ್ನು ಒಳಗಿನಿಂದ ಹೀರಿಕೊಳ್ಳುತ್ತವೆ. ರಂಧ್ರಗಳನ್ನು ಕೊರೆದ ಕಾಗದದ ಸುರುಳಿ, ಸಾಲುರಂಧ್ರಗಳುಳ್ಳ ಪಟ್ಟಿಯೊಂದರ ಮೇಲೆ ಜಾರುತ್ತ ಹೋಗುತ್ತದೆ. ಕಾಗದದ ರಂಧ್ರವೂ ಪಟ್ಟಿಯ ರಂಧ್ರವೂ ಒಂದಾದ ಕ್ಷಣ ಗಾಳಿ ಒಳನುಗ್ಗುತ್ತದೆ, ಕವಾಟವೊಂದು ತೆರೆಯುತ್ತದೆ, ಆ ಸ್ವರಕ್ಕೆ ಮೀಸಲಾದ ಪುಟ್ಟ ತಿದಿ ಕುಸಿದು ಪಿಯಾನೊದ ಸುತ್ತಿಗೆಯನ್ನು ಎಬ್ಬಿಸುತ್ತದೆ. ಜಕಾರ್ಡ್ ಮಗ್ಗದಲ್ಲಿ ತೂತು ಕೊರೆದ ರಟ್ಟುಗಳು ಸೀರೆಯ ಅಂಚಿನ ಹೂಬಳ್ಳಿಯನ್ನು ನೇಯಿಸುವುದನ್ನು ಬಲ್ಲ ನಮ್ಮ ನೇಕಾರರಿಗೆ ಈ ತತ್ತ್ವ ಹೊಸದಾಗಿ ತೋರಲಾರದು.

1900ರ ಆಚೀಚೆ ಪಿಯಾನೊಲಾ ಒಂದರ ಬೆಲೆ 250 ಡಾಲರು. ಕೂಲಿಯವನ ಪಾಲಿಗೆ ಅದು ಹಲವು ತಿಂಗಳ ಗಳಿಕೆ. ಆದರೂ ಕಂತಿನ ಮೇಲೆ, ಹಳೆಯ ಪಿಯಾನೊದ ಬದಲಿಗೆ, ಹೇಗೋ ಜನ ಕೊಂಡರು. ಬೇಗನೆ ಯಂತ್ರವು ಪಿಯಾನೊದ ಹೊಟ್ಟೆಯೊಳಗೇ ಸೇರಿತು. ಆರಂಭದಲ್ಲಿ ಒಬ್ಬ ತಯಾರಕನ ಸುರುಳಿ ಇನ್ನೊಬ್ಬನ ಪಿಯಾನೊಗೆ ಹೊಂದುತ್ತಿರಲಿಲ್ಲ; ಕೊಂಡವನು ಆ ಒಂದೇ ಕಂಪನಿಗೆ ಜೋತುಬೀಳಬೇಕಿತ್ತು. 1908ರಲ್ಲಿ ಬಫಲೊ ನಗರದಲ್ಲಿ ತಯಾರಕರು ಸಭೆ ಸೇರಿ, ಸುರುಳಿಯ ಅಗಲ ಹನ್ನೊಂದೂಕಾಲು ಅಂಗುಲವಿರಬೇಕೆಂದು ನಿಶ್ಚಯಿಸಿದರು. 88 ಕೀಲಿಗಳ ಪೂರ್ಣ ಸುರುಳಿ ಎಲ್ಲರ ಪಿಯಾನೊದಲ್ಲೂ ಓಡುವಂತಾಯಿತು. ಗರ್ಶ್ವಿನ್ ಬಾಲಕನಾಗಿದ್ದ ಕಾಲ ಇದೇ.

ಅವರು ಹುಟ್ಟಿದ್ದು 1898ರ ಸೆಪ್ಟೆಂಬರ್ 26ರಂದು, ಬ್ರೂಕ್ಲಿನ್‌ನಲ್ಲಿ. ತಂದೆತಾಯಿಗಳು ರಷ್ಯಾದಿಂದ ವಲಸೆ ಬಂದ ಯಹೂದಿಗಳು. ತಂದೆ ಮೋರಿಸ್ ಕೈಹಾಕದ ವ್ಯಾಪಾರವಿಲ್ಲ: ಪಾದರಕ್ಷೆ, ಬೇಕರಿ, ಹೋಟೆಲು, ಸ್ನಾನಗೃಹ, ಚುಟ್ಟಾ ಅಂಗಡಿ. ಹೊಸ ವ್ಯಾಪಾರದ ಸಮೀಪದಲ್ಲೇ ಮನೆ ಇರಬೇಕೆಂಬುದು ಅವರ ಹಟ. ಆದಕಾರಣ ಸಂಸಾರ ಇಪ್ಪತ್ತಕ್ಕೂ ಹೆಚ್ಚು ಸಲ ಮನೆ ಬದಲಿಸಿತು. ತೀರ ಬಡತನವೇನೂ ಇರಲಿಲ್ಲ, ಸ್ಥಿರತೆಯೂ ಇರಲಿಲ್ಲ. ಮನೆಯಲ್ಲಿ ಹಾಡುವವರಾಗಲೀ ನುಡಿಸುವವರಾಗಲೀ ಇರಲಿಲ್ಲ.

ಆರು ವರ್ಷದ ಜಾರ್ಜ್ 125ನೆಯ ಬೀದಿಯ ಪೆನ್ನಿ ಆರ್ಕೇಡಿನ, ಅಂದರೆ ಬಿಡಿಗಾಸಿನ ಮನೋರಂಜನೆಯ ಅಂಗಡಿಯ, ಮುಂದೆ ಕಾಲು ಕಿತ್ತಿಡಲಾಗದೆ ನಿಂತದ್ದುಂಟು. ಒಳಗಿನ ಯಾಂತ್ರಿಕ ಪಿಯಾನೊ ಆಂಟನ್ ರೂಬಿನ್‌ಸ್ಟೈನ್ ಅವರ ‘ಮೆಲಡಿ ಇನ್ ಎಫ್’ ಕೃತಿಯನ್ನು ನುಡಿಸುತ್ತಿತ್ತು. ಆ ಸ್ವರಗಳ ಏರಿಳಿತ ತನ್ನನ್ನು ಕಟ್ಟಿಹಾಕಿದ ಬಗೆಯನ್ನು ಗರ್ಶ್ವಿನ್ ಮುಂದೆ ಪ್ರಸಿದ್ಧರಾದ ಮೇಲೂ ನೆನೆಯುತ್ತಿದ್ದರು. ಹತ್ತನೆಯ ವಯಸ್ಸಿನ ಹೊತ್ತಿಗೆ ಇನ್ನೊಂದು ಪ್ರಸಂಗ. ಶಾಲೆಯ ಸಮಾರಂಭದಲ್ಲಿ ಮ್ಯಾಕ್ಸಿ ರೋಸೆನ್‌ಸ್ವೈಗ್ ಎಂಬ ಎಳೆಯ ಪಿಟೀಲುವಾದಕ ದ್ವೊರ್‌ಜಾಕರ ‘ಹ್ಯೂಮರೆಸ್ಕ್’ ನುಡಿಸಿದ. ಕಾರ್ಯಕ್ರಮ ತಪ್ಪಿಸಿಕೊಂಡು ಹೊರಗೆ ಆಡುತ್ತಿದ್ದ ಜಾರ್ಜ್ ಕಿವಿಗೆ ಅದು ಬಿತ್ತು. ಆ ಹುಡುಗನನ್ನು ಕಾಣಲೇಬೇಕೆಂದು ಮಳೆಯಲ್ಲಿ ನೆನೆಯುತ್ತ ಕಾದ. ಕೊನೆಗೆ ಮನೆ ಹುಡುಕಿಕೊಂಡು ಹೋದ. ಗೆಳೆತನ ಬೆಳೆಯಿತು. ಸಂಗೀತಗಾರನಾಗುವ ಗುಣ ನಿನ್ನಲ್ಲಿಲ್ಲವೆಂದು ಆ ಮ್ಯಾಕ್ಸಿಯೇ ಒಮ್ಮೆ ತೀರ್ಪು ಕೊಟ್ಟನಂತೆ! ಬಾಲಪ್ರತಿಭೆಗಳ ತೀರ್ಪನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದಕ್ಕೆ ಇದೂ ಒಂದು ನಿದರ್ಶನ.

ಮನೆಗೆ ಪಿಯಾನೊ ಬಂದ ಮೇಲೆ ಐರಾ ಸಂತೋಷದಿಂದಲೇ ಸರಿದು ಜಾಗ ಬಿಟ್ಟುಕೊಟ್ಟ. ನೆರೆಹೊರೆಯ ಒಂದಿಬ್ಬರು ಶಿಕ್ಷಕರ ಬಳಿ ಪಾಠವಾಯಿತು. ನಿಜವಾದ ಗುರು ದೊರೆತದ್ದು ಚಾರ್ಲ್ಸ್ ಹ್ಯಾಂಬಿಟ್ಜರ್ ಅವರಲ್ಲಿ. ಶೋಪೇನ್, ಲಿಸ್ಟ್, ಡೆಬುಸ್ಸಿ ಮೊದಲಾದವರ ಲೋಕವನ್ನು ಅವರು ಹುಡುಗನ ಮುಂದೆ ತೆರೆದಿಟ್ಟರು. ಪಾಠಕ್ಕೆ ಹಣವನ್ನೂ ತೆಗೆದುಕೊಳ್ಳಲಿಲ್ಲ. ಶಿಷ್ಯನ ಏಳಿಗೆಯನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ, 1918ರಲ್ಲಿ ತೀರಿಕೊಂಡರು.

ತಾಯಿಗೆ ಮಗ ಲೆಕ್ಕಪತ್ರದ ಉದ್ಯೋಗ ಹಿಡಿಯಲೆಂಬ ಆಸೆ. ಅದಕ್ಕಾಗಿ ವಾಣಿಜ್ಯ ಶಾಲೆಗೆ ಸೇರಿಸಿದ್ದರು. ಮಗ 1914ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಶಾಲೆ ತೊರೆದು ಜೆರೋಮ್ ರೆಮಿಕ್ ಎಂಬ ಸಂಗೀತ ಪ್ರಕಾಶನ ಸಂಸ್ಥೆ ಸೇರಿದ. ವಾರಕ್ಕೆ 15 ಡಾಲರು ಸಂಬಳ. ಸಂಸ್ಥೆಯ ಹೊಸ ಹಾಡುಗಳನ್ನು ಬಂದ ಗಾಯಕರಿಗೆ, ನಾಟಕದವರಿಗೆ ದಿನವಿಡೀ ನುಡಿಸಿ ತೋರಿಸುವುದು ಕೆಲಸ. ಚಿಕ್ಕ ಕೋಣೆ, ಅದರಲ್ಲೊಂದು ಪಿಯಾನೊ, ಪಕ್ಕದ ಕೋಣೆಯಲ್ಲಿ ಇನ್ನೊಂದು. ಇಂತಹ ಪಿಯಾನೊಗಳ ಕಲರವದಿಂದಲೇ ಆ ಬೀದಿಗೆ ಟಿನ್ ಪ್ಯಾನ್ ಆಲಿ ಎಂಬ ಹೆಸರು ಬಂದಿತೆಂದು ಪ್ರತೀತಿ. ಸ್ವಂತ ಹಾಡು ಕಟ್ಟಿ ಒಯ್ದರೆ ಸಂಸ್ಥೆ ಕಿವಿಗೊಡಲಿಲ್ಲ. ಅವನನ್ನು ಇಟ್ಟುಕೊಂಡದ್ದು ನುಡಿಸಲಿಕ್ಕೆ, ರಚಿಸಲಿಕ್ಕಲ್ಲ.

ಈ ಹಂತದಲ್ಲಿ ತಾನಾಗಿ ನುಡಿಯುವ ಪಿಯಾನೊ ಅವರ ಬಾಳಿಗೆ ಎರಡನೆಯ ಬಾರಿ ಪ್ರವೇಶಿಸಿತು. 1915ರ ಕೊನೆಯ ಹೊತ್ತಿಗೆ ಗರ್ಶ್ವಿನ್ ನ್ಯೂಜೆರ್ಸಿಯ ಈಸ್ಟ್ ಆರೆಂಜ್ ಎಂಬ ಊರಿನ ಸುರುಳಿ ತಯಾರಕರಿಗೆ ಹಾಡುಗಳನ್ನು ನುಡಿಸಿಕೊಡತೊಡಗಿದರು. ಶನಿವಾರಗಳಂದು ಅಲ್ಲಿಗೆ ಪಯಣ. ಒಂದು ಸುರುಳಿಗೆ 5 ಡಾಲರು, ಆರಕ್ಕೆ 25 ಡಾಲರು. ಲೆಕ್ಕ ಹಾಕಿ ನೋಡಿ: ವಾರವೆಲ್ಲ ಬೆರಳು ಸವೆಸಿದರೆ 15, ಆರು ಸುರುಳಿಗಳಿಗೆ 25! ಒಬ್ಬನದೇ ಹೆಸರು ಪಟ್ಟಿಯ ತುಂಬ ಕಾಣಬಾರದೆಂದೋ ಏನೋ, ಫ್ರೆಡ್ ಮುರ್ತಾ, ಬರ್ಟ್ ವಿನ್ ಎಂಬಂತಹ ಕಲ್ಪಿತ ನಾಮಗಳಲ್ಲೂ ಅವರ ಸುರುಳಿಗಳು ಹೊರಬಂದವು. ಮುಂದೆ ಏಯೋಲಿಯನ್ ಎಂಬ ದೊಡ್ಡ ಕಂಪನಿಗೂ ನುಡಿಸಿದರು. ಸುಮಾರು ಹನ್ನೆರಡು ವರ್ಷಗಳ ಅವಧಿಯಲ್ಲಿ ಅವರ ಬೆರಳಿನಿಂದ ಮೂಡಿದ ಸುರುಳಿಗಳು ಸುಮಾರು 130. ಬಹುಪಾಲು ಇತರರ ಹಾಡುಗಳು, ಇಂದು ಯಾರಿಗೂ ನೆನಪಿಲ್ಲದವು.

ಹೊಟ್ಟೆಪಾಡಿನ ದುಡಿಮೆಯೆಂದು ಇದನ್ನು ತಳ್ಳಿಹಾಕುವ ಜೀವನಚರಿತ್ರೆಗಳಿವೆ. ಈ ಲೇಖಕನಿಗೆ ಅದು ಸರಿಯೆನಿಸದು. ಹಾಡಿನ ಮಾತಿಲ್ಲದೆ, ಗಾಯಕನ ಆಸರೆಯಿಲ್ಲದೆ, ಮೂರು ನಿಮಿಷ ಮನೆಮಂದಿಯನ್ನು ರಂಜಿಸುವ ಹೊಣೆ ಸುರುಳಿ ನುಡಿಸುವವನದು. ಮಧ್ಯದ ಸ್ವರಗಳನ್ನು ಹೇಗೆ ತುಂಬಬೇಕು, ಲಯವನ್ನು ಎಲ್ಲಿ ಒಡೆಯಬೇಕು, ಎರಡನೆಯ ಆವರ್ತದಲ್ಲಿ ಕೇಳುಗನಿಗೆ ಏನು ಹೊಸದು ಕೊಡಬೇಕು ಎಂಬುದನ್ನು ಗರ್ಶ್ವಿನ್ ಕಲಿತ ಪಾಠಶಾಲೆಗಳಲ್ಲಿ ಇದೂ ಒಂದು. ಸಹವಾಸವೂ ಅಂತಹುದೇ. ಹಾರ್ಲೆಮ್‌ನ ಕಪ್ಪುಜನರ ಪಿಯಾನೊ ಶೈಲಿಯ ಮೇರು ಜೇಮ್ಸ್ ಪಿ. ಜಾನ್ಸನ್ ಅವರ ಪರಿಚಯವಾದದ್ದು ಸುರುಳಿಗಳ ಈ ಉದ್ಯೋಗದಲ್ಲಿಯೇ. ಅದೇ ಜಾನ್ಸನ್ ಅವರ ‘ಕೆರೊಲೈನಾ ಶೌಟ್’ ಸುರುಳಿಯನ್ನು ನಿಧಾನಗತಿಯಲ್ಲಿ ಓಡಿಸಿ, ಇಳಿಯುವ ಕೀಲಿಗಳ ಮೇಲೆ ಬೆರಳಿಟ್ಟು ಕಲಿತ ಇನ್ನೊಬ್ಬ ಯುವಕನ ಹೆಸರು ಡ್ಯೂಕ್ ಎಲಿಂಗ್ಟನ್. ಬಾಲಕ ಗರ್ಶ್ವಿನ್ ಹಿಡಿದ ದಾರಿಯೇ ಅದು. ಸಂಗೀತ ಶಾಲೆಯ ಬಾಗಿಲು ಎಟುಕದ ಮನೆಗಳ ಮಕ್ಕಳಿಗೆ ಈ ಯಂತ್ರ ಕೈಹಿಡಿದು ಕಲಿಸಿತು.

ಆದರೆ ಎಲ್ಲರೂ ಹೀಗೆ ಕಾಣಲಿಲ್ಲ. ಬ್ಯಾಂಡ್ ಸಂಗೀತದ ದೊರೆಯೆನಿಸಿದ್ದ ಜಾನ್ ಫಿಲಿಪ್ ಸೂಸಾ 1906ರಲ್ಲಿಯೇ ಯಾಂತ್ರಿಕ ಸಂಗೀತದ ವಿರುದ್ಧ ಕಟುವಾದ ಲೇಖನ ಬರೆದಿದ್ದರು. ಯಂತ್ರಗಳು ಬಂದರೆ ಮನೆಯ ಮಕ್ಕಳು ಹಾಡುವುದನ್ನೂ ನುಡಿಸುವುದನ್ನೂ ಬಿಟ್ಟುಬಿಡುತ್ತಾರೆಂಬುದು ಅವರ ಭಯ. ಅದರ ಹಿಂದೆ ಹಣದ ಪ್ರಶ್ನೆಯೂ ಇತ್ತು. ಸುರುಳಿ ತಯಾರಕರು ಸಂಗೀತ ರಚಿಸಿದವರಿಗೆ ಕಾಸು ಕೊಡುವ ನಿಯಮವಿರಲಿಲ್ಲ. 1908ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ರಂಧ್ರಗಳಿರುವ ಕಾಗದ ಮನುಷ್ಯನ ಕಣ್ಣಿಗೆ ಓದಲು ಬರುವ ಸಂಗೀತವಲ್ಲ, ಆದ್ದರಿಂದ ಅದು ಕೃತಿಯ ಪ್ರತಿಯೇ ಅಲ್ಲ ಎಂಬರ್ಥದ ತೀರ್ಪು ನೀಡಿತು. ಮರುವರ್ಷವೇ ಸಂಸತ್ತು ಹೊಸ ಕಾನೂನು ತಂದು, ಪ್ರತಿ ಸುರುಳಿಗೆ 2 ಸೆಂಟು ಸಂಭಾವನೆಯನ್ನು ವಿಧಿಸಿತು. ಯಂತ್ರದಿಂದ ಕಲಿತು, ಯಂತ್ರಕ್ಕಾಗಿ ನುಡಿಸಿ, ಮುಂದೆ ಯಂತ್ರದಿಂದ ರಾಯಧನವನ್ನೂ ಪಡೆದ ಗರ್ಶ್ವಿನ್ ಈ ವ್ಯಾಜ್ಯದ ಎರಡೂ ದಡಗಳನ್ನು ಕಂಡವರು.

ಮೊದಲ ಹಾಡು 1916ರಲ್ಲಿ ಪ್ರಕಟವಾಯಿತು; ಅದರಿಂದ ಕೈಗೆ ಬಂದದ್ದು 5 ಡಾಲರು ಮಾತ್ರ. 1917ರಲ್ಲಿ ರೆಮಿಕ್ ಸಂಸ್ಥೆ ಬಿಟ್ಟರು. 1919ರಲ್ಲಿ ಇರ್ವಿಂಗ್ ಸೀಸರ್ ಅವರ ಸಾಹಿತ್ಯಕ್ಕೆ ಕಟ್ಟಿದ ‘ಸ್ವಾನಿ’ ಹಾಡನ್ನು ಅಲ್ ಜೋಲ್ಸನ್ ಹಾಡಿದ್ದೇ, ಇಪ್ಪತ್ತೊಂದರ ಹರೆಯದ ಗರ್ಶ್ವಿನ್ ಒಮ್ಮೆಲೇ ಶ್ರೀಮಂತರಾದರು. ಬ್ರಾಡ್‌ವೇ ನಾಟಕಗಳ ಸರಣಿ ಆರಂಭವಾಯಿತು. ಪಿಯಾನೊ ಬಿಟ್ಟುಕೊಟ್ಟ ಅಣ್ಣ ಐರಾ ಸಾಹಿತ್ಯ ರಚಿಸಿ ತಮ್ಮನ ಜೊತೆಗೂಡಿದರು.

1924ರ ಜನವರಿ 4ರಂದು ಐರಾ ದಿನಪತ್ರಿಕೆಯೊಂದರಲ್ಲಿ ವಿಚಿತ್ರ ಸುದ್ದಿ ಓದಿದರು. ವಾದ್ಯವೃಂದದ ನಾಯಕ ಪಾಲ್ ವೈಟ್‌ಮನ್ ಏರ್ಪಡಿಸಿದ ಕಚೇರಿಗಾಗಿ ಜಾರ್ಜ್ ಗರ್ಶ್ವಿನ್ ಜಾಜ್ ಶೈಲಿಯ ದೊಡ್ಡ ಕೃತಿಯೊಂದನ್ನು ರಚಿಸುತ್ತಿದ್ದಾರೆಂದು ಅದರಲ್ಲಿತ್ತು. ರಚಿಸಬೇಕಾದವರಿಗೇ ಅದು ಹೊಸ ಸುದ್ದಿ! ಉಳಿದದ್ದು ಐದೇ ವಾರ. ಬಾಸ್ಟನ್ನಿಗೆ ಹೋಗುವ ರೈಲಿನ ಗಡಗಡ ಸದ್ದಿನಲ್ಲಿ ಕೃತಿಯ ಆಕಾರ ತಮಗೆ ಹೊಳೆಯಿತೆಂದು ಗರ್ಶ್ವಿನ್ ಆಮೇಲೆ ಹೇಳಿಕೊಂಡರು. ಪುಟ ಪುಟವಾಗಿ ಬರೆದದ್ದನ್ನು ಫರ್ಡೆ ಗ್ರೋಫೆ ವಾದ್ಯಗಳಿಗೆ ಹಂಚಿದರು. ಹೀಗೆ ಹುಟ್ಟಿದ ‘ರಾಪ್ಸೊಡಿ ಇನ್ ಬ್ಲೂ’ ಫೆಬ್ರವರಿ 12ರಂದು ಮೊದಲ ಬಾರಿ ಕೇಳಿಸಿದ್ದು ಏಯೋಲಿಯನ್ ಸಭಾಂಗಣದಲ್ಲಿ. ತಾನಾಗಿ ನುಡಿಯುವ ಪಿಯಾನೊ ಮಾರಿ ಬೆಳೆದ ಅದೇ ಕಂಪನಿ ಕಟ್ಟಿಸಿದ ಸಭಾಂಗಣವದು. ಸಭಿಕರಲ್ಲಿ ರಾಕ್ಮನಿನಾಫ್, ಕ್ರೈಸ್ಲರ್ ಮೊದಲಾದ ಘನವಾದಿಗಳಿದ್ದರು; ಯಂತ್ರವನ್ನು ಶಪಿಸಿದ ಸೂಸಾ ಕೂಡ ಇದ್ದರು. ಕ್ಲಾರಿನೆಟ್ ವಾದ್ಯ ಕೆಳಗಿನಿಂದ ಜಾರುತ್ತ ಮೇಲೇರಿ ಗೋಳಿಡುವ ಆರಂಭ ಸಭೆಯನ್ನು ಎಬ್ಬಿಸಿ ಕೂರಿಸಿತು. ಆ ದಿನ ಪಿಯಾನೊ ಭಾಗದ ಕೆಲವೆಡೆ ಕಾಗದದ ಮೇಲೆ ಏನೂ ಇರಲಿಲ್ಲ. ಗರ್ಶ್ವಿನ್ ತಮಗೆ ತೋಚಿದಂತೆ ನುಡಿಸುವುದು, ಅವರು ತಲೆಯಾಡಿಸಿದಾಗ ವಾದ್ಯವೃಂದ ಪ್ರವೇಶಿಸುವುದು ಎಂಬುದೇ ಒಪ್ಪಂದ.

ಆ ಕೃತಿಯನ್ನು ಅವರು ಏಯೋಲಿಯನ್ ಕಂಪನಿಯ ಡ್ಯುಯೊ-ಆರ್ಟ್ ಸುರುಳಿಗೂ ನುಡಿಸಿದರು. ಡ್ಯುಯೊ-ಆರ್ಟ್ ಸಾಧಾರಣ ಯಂತ್ರವಲ್ಲ. ಹಳೆಯ ಪಿಯಾನೊಲಾದಲ್ಲಿ ಸ್ವರದ ಗಟ್ಟಿತನ, ವೇಗ ಎಲ್ಲವೂ ತುಳಿಯುವವನ ಕೈಯಲ್ಲಿತ್ತು. 1904ರಲ್ಲಿ ಜರ್ಮನಿಯ ವೆಲ್ಟೆ ಸಂಸ್ಥೆ, ಆಮೇಲೆ ಅಮೆರಿಕದಲ್ಲಿ ಡ್ಯುಯೊ-ಆರ್ಟ್ ಮತ್ತು ಆಂಪಿಕೊ, ಕಲಾವಿದನ ಒತ್ತುಗಳ ಏರಿಳಿತವನ್ನೂ ರಂಧ್ರಗಳಲ್ಲಿ ಅಡಗಿಸಿಡುವ ವಿಧಾನ ತಂದವು. ಸುರುಳಿಯ ಅಂಚಿನ ಹೆಚ್ಚುವರಿ ರಂಧ್ರಗಳು ಗಾಳಿಯ ಸೆಳೆತವನ್ನು ಹೆಚ್ಚುಕಡಿಮೆ ಮಾಡುತ್ತಿದ್ದವು. ರಾಪ್ಸೊಡಿಯ ಎರಡನೆಯ ಭಾಗ 1925ರಲ್ಲಿ, ಮೊದಲ ಭಾಗ 1927ರಲ್ಲಿ ಮಾರಾಟಕ್ಕೆ ಬಂದವು. ಅದರಲ್ಲಿ ಪಿಯಾನೊವಾದಕನ ಪಾಲನ್ನೂ ವಾದ್ಯವೃಂದದ ಪಾಲನ್ನೂ ಗರ್ಶ್ವಿನ್ ಒಬ್ಬರೇ ನುಡಿಸಿದ್ದಾರೆ. ಹತ್ತು ಬೆರಳುಗಳಿಗೆ ಸಾಧ್ಯವಾಗದಷ್ಟು ಸ್ವರಗಳು ಅದರಲ್ಲಿವೆ. ಮೊದಲು ನುಡಿಸಿದ್ದರ ಮೇಲೆ ಮತ್ತೆ ಸ್ವರಗಳನ್ನು ಸೇರಿಸುವುದು ಸುರುಳಿಯಲ್ಲಿ ಸುಲಭ. ತಪ್ಪು ಸ್ವರದ ರಂಧ್ರಕ್ಕೆ ತೇಪೆ ಹಚ್ಚಿದರೆ ತಪ್ಪೇ ಇಲ್ಲ. ಆದ್ದರಿಂದ ನಾವು ಕೇಳುವುದು ಗರ್ಶ್ವಿನ್ ಅವರ ಕೈಯನ್ನೋ, ಸಂಪಾದಕನ ಕತ್ತರಿಯನ್ನೋ ಎಂಬ ಜಿಜ್ಞಾಸೆ ಇಂದಿಗೂ ಇದೆ. ಅವರೇ ನುಡಿಸಿದ ಧ್ವನಿಮುದ್ರಿಕೆಗಳನ್ನು ಪಕ್ಕದಲ್ಲಿಟ್ಟು ಕೇಳಿದರೆ, ಲಯದ ಚುರುಕು ಎರಡರಲ್ಲೂ ಒಂದೇ. ಮೃದುತ್ವ, ಗಟ್ಟಿತನಗಳ ವಿಷಯದಲ್ಲಿ ಮಾತ್ರ ಸುರುಳಿಯನ್ನು ಪೂರ್ತಿ ನಂಬಲಾಗದು.

1920ರ ದಶಕದ ಮೊದಲರ್ಧದಲ್ಲಿ ಅಮೆರಿಕದಲ್ಲಿ ತಯಾರಾದ ಪಿಯಾನೊಗಳಲ್ಲಿ ಅರ್ಧಕ್ಕೂ ಹೆಚ್ಚು ತಾನಾಗಿ ನುಡಿಯುವಂಥವು. ಹತ್ತೇ ವರ್ಷದಲ್ಲಿ ಎಲ್ಲ ಮುಗಿಯಿತು. ರೇಡಿಯೊ ಬಂದಿತು, ವಿದ್ಯುತ್ ಧ್ವನಿಮುದ್ರಣ ಬಂದಿತು, 1929ರ ಷೇರುಪೇಟೆಯ ಕುಸಿತ ಉಳಿದದ್ದನ್ನು ಗುಡಿಸಿತು. 1932ರಲ್ಲಿ ಏಯೋಲಿಯನ್ ತನ್ನ ಬದ್ಧ ಪ್ರತಿಸ್ಪರ್ಧಿ ಅಮೆರಿಕನ್ ಪಿಯಾನೊ ಸಂಸ್ಥೆಯೊಡನೆ ವಿಲೀನವಾಗಬೇಕಾಯಿತು. ಗರ್ಶ್ವಿನ್ ಅಷ್ಟರೊಳಗೆ ಸುರುಳಿಗಳನ್ನು ಬಿಟ್ಟು ಬಹುದೂರ ಸಾಗಿದ್ದರು. 1925ರಲ್ಲಿ ಪಿಯಾನೊ ಕನ್ಚೆರ್ಟೊ, 1928ರಲ್ಲಿ ‘ಆನ್ ಅಮೆರಿಕನ್ ಇನ್ ಪ್ಯಾರಿಸ್’, 1931ರಲ್ಲಿ ರಾಜಕೀಯ ವಿಡಂಬನೆಯ ‘ಆಫ್ ದೀ ಐ ಸಿಂಗ್’. ಈ ಕೊನೆಯದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂದಾಗ ನಾಟಕಕಾರರಿಗೂ ಐರಾಗೂ ಪಾಲು ದೊರೆಯಿತು, ಸಂಗೀತ ರಚಿಸಿದ ಜಾರ್ಜ್‌ಗೆ ದೊರೆಯಲಿಲ್ಲ! ಪುಲಿಟ್ಜರ್ ಮಂಡಳಿ ಅವರಿಗೆ ವಿಶೇಷ ಗೌರವ ಸಲ್ಲಿಸಿದ್ದು ಜನ್ಮಶತಾಬ್ದಿಯ 1998ರಲ್ಲಿ.

1935ರ ‘ಪೋರ್ಗಿ ಅಂಡ್ ಬೆಸ್’ ಅವರ ಮಹತ್ವಾಕಾಂಕ್ಷೆಯ ಕೃತಿ. ದಕ್ಷಿಣ ಕೆರೊಲೈನಾದ ಕಪ್ಪುಜನರ ಬದುಕಿನ ಕಥೆ; ಅದಕ್ಕಾಗಿ 1934ರ ಬೇಸಿಗೆಯನ್ನು ಗರ್ಶ್ವಿನ್ ಅಲ್ಲಿನ ಫಾಲಿ ದ್ವೀಪದಲ್ಲಿ ಕಳೆದರು. ನ್ಯೂಯಾರ್ಕಿನಲ್ಲಿ 124 ಪ್ರದರ್ಶನ ಕಂಡು ನಷ್ಟದಲ್ಲಿ ನಿಂತಿತು. ಮರುವರ್ಷ ವಾಷಿಂಗ್ಟನ್ನಿನಲ್ಲಿ ಪ್ರದರ್ಶನವಾದಾಗ, ಕಪ್ಪು ಪ್ರೇಕ್ಷಕರಿಗೆ ಪ್ರವೇಶವಿಲ್ಲದ ರಂಗಮಂದಿರದಲ್ಲಿ ಹಾಡಲಾರೆವೆಂದು ನಾಯಕನಟ ಟಾಡ್ ಡಂಕನ್ ಮತ್ತು ಸಂಗಡಿಗರು ಪಟ್ಟು ಹಿಡಿದರು. ಆಡಳಿತ ಮಣಿಯಿತು, ಆ ಪ್ರದರ್ಶನಗಳ ಮಟ್ಟಿಗೆ ಎಲ್ಲರೂ ಒಟ್ಟಿಗೆ ಕುಳಿತರು. ಕಪ್ಪುಜನರ ಸಂಗೀತವನ್ನು ಬಿಳಿಯನೊಬ್ಬ ತನ್ನದಾಗಿಸಿಕೊಂಡನೆಂಬ ಆಕ್ಷೇಪವೂ ಈ ಕೃತಿಯನ್ನು ಬಿಟ್ಟಿಲ್ಲ, ಅದರಲ್ಲಿ ಹುರುಳಿಲ್ಲದೆಯೂ ಇಲ್ಲ.

1936ರಲ್ಲಿ ಸೋದರರು ಚಲನಚಿತ್ರಗಳಿಗಾಗಿ ಹಾಲಿವುಡ್‌ಗೆ ಹೋದರು. 1937ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್‌ನ ಕಚೇರಿಯೊಂದರಲ್ಲಿ ಗರ್ಶ್ವಿನ್ ಬೆರಳು ಕ್ಷಣಕಾಲ ತಡವರಿಸಿತು. ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿಯುತ್ತಿದೆಯೆಂದು ಹೇಳುತ್ತಿದ್ದರು. ತಲೆನೋವು ತೀವ್ರವಾಯಿತು. ವೈದ್ಯರು ಮೊದಲು ಅದನ್ನು ಮನಸ್ಸಿನ ಬಳಲಿಕೆಯೆಂದೇ ಬಗೆದರು. ಜುಲೈ 9ರಂದು ಪ್ರಜ್ಞೆ ತಪ್ಪಿತು. ಮಿದುಳಿನ ಗೆಡ್ಡೆಗೆ ಶಸ್ತ್ರಚಿಕಿತ್ಸೆ ನಡೆಯಿತು. 11ರಂದು ಪ್ರಾಣ ಹೋಯಿತು. ವಯಸ್ಸು 38.

ಅವರ ಸುರುಳಿಗಳು ಅಟ್ಟಗಳಲ್ಲಿ, ಹಳೆಯ ಸಾಮಾನಿನ ಅಂಗಡಿಗಳಲ್ಲಿ ಉಳಿದವು. 1976ರಲ್ಲಿ ವಾದ್ಯವೃಂದ ನಿರ್ದೇಶಕ ಮೈಕೆಲ್ ಟಿಲ್ಸನ್ ಥಾಮಸ್ ಒಂದು ಸಾಹಸ ಮಾಡಿದರು. ರಾಪ್ಸೊಡಿ ಸುರುಳಿಯಲ್ಲಿ ವಾದ್ಯವೃಂದಕ್ಕೆ ಸೇರಿದ ಸ್ವರಗಳ ರಂಧ್ರಗಳನ್ನು ಮುಚ್ಚಿಸಿ, ಉಳಿದ ಪಿಯಾನೊ ಭಾಗದೊಡನೆ ಜೀವಂತ ಕಲಾವಿದರನ್ನು ನುಡಿಸಿದರು. ಸತ್ತು 39 ವರ್ಷವಾಗಿದ್ದ ಏಕವಾದಕನ ಜೊತೆ ಕಚೇರಿ! ಯಂತ್ರ ಯಾರಿಗಾಗಿಯೂ ಕಾಯುವುದಿಲ್ಲವಾದ್ದರಿಂದ ವಾದ್ಯಗಾರರೇ ಓಡಬೇಕಾಯಿತು. 1993ರಲ್ಲಿ ಪಿಯಾನೊವಾದಕಿ ಆರ್ಟಿಸ್ ವುಡ್‌ಹೌಸ್ 1911ರ ಪಿಯಾನೊಲಾವನ್ನು ಯಮಾಹಾ ಕಂಪನಿಯ ಡಿಸ್ಕ್‌ಲಾವಿಯರ್ ಪಿಯಾನೊದ ಮುಂದಿಟ್ಟು ಹಳೆಯ ಸುರುಳಿಗಳನ್ನು ಓಡಿಸಿ, ಅವನ್ನು ಗಣಕದ ಭಾಷೆಗೆ ಇಳಿಸಿ, ಧ್ವನಿಮುದ್ರಿಕೆಯಾಗಿ ಹೊರತಂದರು. ಡಿಸ್ಕ್‌ಲಾವಿಯರ್ ಎಂದರೆ ಗಾಳಿ, ತಿದಿಗಳ ಬದಲಿಗೆ ವಿದ್ಯುತ್ತಿನಿಂದ ಕೀಲಿಗಳನ್ನು ಚಲಿಸುವ ಇಂದಿನ ಯುಗದ ಪಿಯಾನೊಲಾ.

ರಾಪ್ಸೊಡಿಯ ಮೇಲಿನ ಹಕ್ಕುಸ್ವಾಮ್ಯ ಅಮೆರಿಕದಲ್ಲಿ 2020ರ ಜನವರಿ 1ಕ್ಕೆ ಮುಗಿದಿದೆ. ಯಾರು ಬೇಕಾದರೂ ನುಡಿಸಬಹುದು. ತಾನಾಗಿ ನುಡಿಯುವ ಹೊಸ ಪಿಯಾನೊ ಕೊಳ್ಳುವುದು ಸಿರಿವಂತರ ಮಾತು. ಗರ್ಶ್ವಿನ್ ಕಾಲದ ಹಳೆಯದು ಅಮೆರಿಕದಲ್ಲಿ ಅನೇಕ ಸಲ ಅತ್ಯಲ್ಪ ಬೆಲೆಗೆ ಸಿಗುತ್ತದೆ. ಸಾಗಿಸುವ ಖರ್ಚು ಹೊತ್ತರೆ ಸಾಕೆಂದು ಕೊಟ್ಟುಬಿಡುವವರೂ ಉಂಟು. ತಿದಿಯ ಬಟ್ಟೆ ಪುಡಿಯಾಗಿರುತ್ತದೆ, ರಬ್ಬರಿನ ಕೊಳವೆಗಳು ಗಟ್ಟಿಯಾಗಿ ಬಿರಿದಿರುತ್ತವೆ. ಅವನ್ನೆಲ್ಲ ಬದಲಿಸುವ ಕೂಲಿ ಕೊಂಡ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು. ಸುರುಳಿಯ ಕಾಗದವೂ ಅಂಚಿನಲ್ಲಿ ಹರಿಯತೊಡಗಿರುತ್ತದೆ. ಆದರೂ ದುರಸ್ತಿ ಮಾಡಿಸಿ, ಈಸ್ಟ್ ಆರೆಂಜ್‌ನಲ್ಲಿ ಹದಿನೇಳರ ಹುಡುಗ ಐದು ಡಾಲರಿಗೆ ನುಡಿಸಿದ ಸುರುಳಿಯೊಂದನ್ನು ಏರಿಸಿ ತುಳಿಯುವವರು ಇದ್ದಾರೆ.